ರಸ್ತೆ ಬದಿಯ ಘೋಷವಾಕ್ಯ: ಮೂರು ಸೆಕೆಂಡಿನಲ್ಲಿ ಓದಿ ಮುಗಿಯಬೇಕು

ಜನವರಿ ಬಂದರೆ ರಸ್ತೆ ಸುರಕ್ಷತಾ ಮಾಸ. ಶಾಲೆ, ಕಾಲೇಜು, ಆಟೊ ಸಂಘ, ಪಂಚಾಯಿತಿ ಎಲ್ಲ ಕಡೆ ಘೋಷವಾಕ್ಯ ಬರೆಯುವ ಹುರುಪು. ಬರೆಯುವವರ ಕಾಳಜಿ ನಿಜವಾದದ್ದೇ. ಆದರೆ ಕೊನೆಗೆ ಬೋರ್ಡ್ ಮೇಲೆ ಬರುವುದು ಹೀಗಿರುತ್ತದೆ: ‘ನಿಮ್ಮ ಹಾಗೂ ಇತರರ ಅಮೂಲ್ಯ ಜೀವದ ಹಿತದೃಷ್ಟಿಯಿಂದ ವಾಹನಗಳನ್ನು ಎಚ್ಚರಿಕೆಯಿಂದ ಚಲಾಯಿಸಿ’. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದ ಚಾಲಕ ಏನನ್ನೂ ಬದಲಿಸುವುದಿಲ್ಲ. ತಾನು ಎಚ್ಚರಿಕೆಯಿಂದಲೇ ಓಡಿಸುತ್ತಿದ್ದೇನೆ ಅಂತ ಪ್ರತಿಯೊಬ್ಬರೂ ನಂಬಿರುತ್ತಾರೆ, ಅಲ್ವಾ?

ಹಂತ 1: ಮೊದಲು ಜಾಗ ನೋಡಿ

ಬೋರ್ಡ್ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿಲ್ಲದೆ ಬರೆಯಲು ಕೂರಬೇಡಿ. ಆ ಜಾಗಕ್ಕೆ ಹೋಗಿ, ಅರ್ಧ ಗಂಟೆ ನಿಂತು, ಅಲ್ಲಿ ಜನ ಏನು ತಪ್ಪು ಮಾಡುತ್ತಾರೆ ನೋಡಿ. ಅಷ್ಟೇ.

ಹಂತ 2: ಒಬ್ಬ ಚಾಲಕ, ಒಂದು ಕೆಲಸ

ಹೆಚ್ಚಿನವರು ಎಡವುವುದು ಇಲ್ಲೇ. ‘ಜಾಗೃತಿ ಮೂಡಿಸಬೇಕು’ ಎಂದುಕೊಂಡು ಕೂರುತ್ತಾರೆ. ನೀವು ಹಾಗೆ ಮಾಡಬೇಡಿ. ಒಬ್ಬ ಚಾಲಕನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬೋರ್ಡ್ ಓದಿದ ಮರುಕ್ಷಣ ಅವನ ಕೈ ಅಥವಾ ಕಾಲು ಏನು ಮಾಡಬೇಕು ಅಂತ ಕೇಳಿಕೊಳ್ಳಿ. ಉತ್ತರ ಸಿಗುವವರೆಗೆ ಬರೆಯಬೇಡಿ.

ಶಿರಾಡಿ, ಚಾರ್ಮಾಡಿಯಂಥ ಘಾಟಿಯನ್ನೇ ತೆಗೆದುಕೊಳ್ಳಿ. ಲೋಡ್ ಲಾರಿ ಇಳಿಯುತ್ತಿದೆ. ಡ್ರೈವರ್ ಟಾಪ್ ಗೇರಿನಲ್ಲೇ ಇದ್ದು ಬ್ರೇಕ್ ಒತ್ತುತ್ತಲೇ ಇದ್ದಾನೆ. ಲೈನಿಂಗ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಇವನಿಗೆ ‘ನಿಧಾನವಾಗಿ ಚಲಿಸಿ’ ಎಂದರೆ ಇನ್ನಷ್ಟು ಬ್ರೇಕ್ ಒತ್ತುತ್ತಾನೆ. ಅಂದರೆ ನಮ್ಮ ಬುದ್ಧಿಮಾತೇ ಅಪಾಯವನ್ನು ಹೆಚ್ಚಿಸಿತು. ಅವನು ಮಾಡಬೇಕಾದ್ದು ಬೇರೆ: ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯುವುದು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಬರೆಯಬೇಕಾದ್ದು:

‘ಇಳಿಜಾರು ಶುರು. ಗೇರ್ ಇಳಿಸಿ.’

ನಾಲ್ಕೇ ಪದ. ಈ ಬೋರ್ಡ್ ಇಳಿಜಾರು ಶುರುವಾಗುವ ಮುಂಚೆಯೇ ಇರಬೇಕು. ಅರ್ಧ ಘಾಟಿ ಇಳಿದ ಮೇಲೆ ಇಟ್ಟರೆ ಪ್ರಯೋಜನವಿಲ್ಲ. ವೇಗ ಏರಿದ ಮೇಲೆ ಲೋಡ್ ಗಾಡಿಯಲ್ಲಿ ಗೇರ್ ಇಳಿಸುವುದು ಕಷ್ಟ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಸುವವರೂ ಇದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿಯೇ ನಿಲ್ಲುತ್ತದೆ, ನ್ಯೂಟ್ರಲ್‌ನಿಂದ ಲಾಭವಿಲ್ಲ. ಇದನ್ನು ಮಾತ್ರ ಅದೇ ಬೋರ್ಡಿಗೆ ತುರುಕಬೇಡಿ. ಲಾರಿ ನಿಲ್ಲುವ ಡಾಬಾದಲ್ಲಿ ಇನ್ನೊಂದು ಬೋರ್ಡ್ ಹಾಕಿ.

ಇನ್ನೊಂದು ಉದಾಹರಣೆ. ಮಂಡ್ಯ, ಬೆಳಗಾವಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ರಸ್ತೆಗಿಳಿದರೆ ಗೊತ್ತಾಗುತ್ತದೆ. ಟ್ರೇಲರ್‌ನಿಂದ ಆಚೆ ಚಾಚಿದ ಕಬ್ಬು ಹಿಂದಿನ ದೀಪ, ರಿಫ್ಲೆಕ್ಟರ್ ಎರಡನ್ನೂ ಮುಚ್ಚಿರುತ್ತದೆ. ಹಿಂದೆ ಬರುವ ಬೈಕಿನವನಿಗೆ ಕೊನೇ ಗಳಿಗೆಯವರೆಗೂ ಕಾಣುವುದು ಕತ್ತಲೆ ಮಾತ್ರ. ಇಲ್ಲಿ ತಿದ್ದಬೇಕಾದ್ದು ಟ್ರ್ಯಾಕ್ಟರ್ ಚಾಲಕ, ಅವನು ಸಿಗುವುದು ಕಾರ್ಖಾನೆಯ ತೂಕದ ಸಾಲಿನಲ್ಲಿ. ಗಾಡಿ ನಿಂತಿರುತ್ತದೆ, ಓದಲು ಪುರುಸೊತ್ತಿರುತ್ತದೆ. ಹಾಗಾಗಿ ವಾಕ್ಯ ಸ್ವಲ್ಪ ಉದ್ದವಾದರೂ ನಡೆಯುತ್ತದೆ: ‘ಇಳಿದು ಟ್ರೇಲರ್ ಹಿಂದೆ ನಿಂತು ನೋಡಿ. ರಿಫ್ಲೆಕ್ಟರ್ ಕಾಣುತ್ತಾ?’

ಹೆಲ್ಮೆಟ್ ಬಗ್ಗೆ ಬರೆಯುವವರು ‘ಹೆಲ್ಮೆಟ್ ಧರಿಸಿ ಜೀವ ಉಳಿಸಿ’ ಅಂತಲೇ ಇನ್ನೂ ಬರೆಯುತ್ತಿದ್ದಾರೆ. ನಗರದಲ್ಲಿ ತಲೆ ಮೇಲೆ ಹೆಲ್ಮೆಟ್ ಬಂದಾಗಿದೆ. ಪಟ್ಟಿ ಮಾತ್ರ ಕಿವಿ ಪಕ್ಕ ತೂಗಾಡುತ್ತಿರುತ್ತದೆ. ಬಿದ್ದಾಗ ಮೊದಲು ಹಾರಿ ಹೋಗುವುದು ಅದೇ ಹೆಲ್ಮೆಟ್. ಪೆಟ್ರೋಲ್ ಬಂಕಿನಿಂದ ಹೊರಡುವ ಕಡೆ ‘ಬಕಲ್ ಟಕ್ ಅಂತಾ?’ ಎಂದು ಬರೆದು ನೋಡಿ, ಕೈ ತಾನಾಗಿ ಗದ್ದಕ್ಕೆ ಹೋಗುತ್ತದೆ. ಅಂದಹಾಗೆ, ರಸ್ತೆ ಬದಿ ರಾಶಿ ಹಾಕಿ ಮಾರುವ, ಐಎಸ್‌ಐ ಗುರುತಿಲ್ಲದ ಟೋಪಿಯಂಥ ಅರ್ಧ ಹೆಲ್ಮೆಟ್ಟಿನ ಚಿತ್ರವನ್ನು ದಯವಿಟ್ಟು ನಿಮ್ಮ ಪೋಸ್ಟರಿನಲ್ಲಿ ಹಾಕಬೇಡಿ. ಐಎಸ್ 4151 ಗುರುತಿರುವ, ಗದ್ದ ಮುಚ್ಚುವ ಹೆಲ್ಮೆಟ್ಟನ್ನೇ ತೋರಿಸಿ.

ಹಂತ 3: ಕತ್ತರಿಸಿ

ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. 20 ಸೆಂ.ಮೀ. ಎತ್ತರದ ಅಕ್ಷರ ಸುಮಾರು 80 ಮೀಟರ್ ದೂರದಿಂದ ಓದಲು ಸಿಗುತ್ತದೆ ಎಂದುಕೊಳ್ಳಿ. ಹತ್ತಿರ ಬಂದಂತೆ ಬೋರ್ಡ್ ಪಕ್ಕಕ್ಕೆ ಸರಿದು ಕಣ್ಣಿನಿಂದ ಜಾರುತ್ತದೆ. ಉಳಿಯುವುದು ಮೂರು ಸೆಕೆಂಡ್. ಅದರಲ್ಲೂ ಚಾಲಕನ ಕಣ್ಣು ಹೆಚ್ಚು ಹೊತ್ತು ರಸ್ತೆಯ ಮೇಲೇ ಇರಬೇಕು. ನಾಲ್ಕೈದು ಪದ ದಾಟಲೇಬೇಡಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಅಮೂಲ್ಯ ಜೀವದ ಹಿತದೃಷ್ಟಿಯಿಂದ’ ಅಂತ ಶುರು ಮಾಡಿದರೆ ‘ನಿಲ್ಲಿಸಿ’ ಎಂಬ ಮುಖ್ಯ ಮಾತು ಬರುವ ಹೊತ್ತಿಗೆ ಗಾಡಿ ಮುಂದೆ ಹೋಗಿರುತ್ತದೆ. ಪೀಠಿಕೆಯನ್ನು ಪೂರಾ ತೆಗೆಯಿರಿ. ‘ವಾಹನ ಚಾಲಕರೇ’ ಎಂಬ ಕರೆಯೂ ಬೇಡ. ಒತ್ತಕ್ಷರ ಜಾಸ್ತಿ ಇರುವ ಪದಗಳನ್ನು ಬಿಡಿ. ‘ದೃಷ್ಟಿ’, ‘ಸುರಕ್ಷತೆ’ಯಂಥವು ದೂರದಿಂದ ಬರೀ ಕಪ್ಪು ಮುದ್ದೆಯಾಗಿ ಕಾಣುತ್ತವೆ. 

‘ನಿಧಾನ’ ಎನ್ನುವ ಕಡೆ ಸಾಧ್ಯವಾದರೆ ಅಂಕಿ ಹಾಕಿ. ಒಬ್ಬರ ನಿಧಾನ 40, ಇನ್ನೊಬ್ಬರದು 80. ‘ಶಾಲೆ ಇದೆ. 25 ಸಾಕು.’ ಎಂದರೆ ವಾದಕ್ಕೆ ಜಾಗವಿಲ್ಲ. ಅಲ್ಲಿನ ಅಧಿಕೃತ ವೇಗಮಿತಿ ಫಲಕಕ್ಕೂ ನಿಮ್ಮ ಅಂಕಿಗೂ ತಾಳೆಯಾಗಬೇಕು, ಮರೆಯಬೇಡಿ.

‘ಬೇಡ’ ಎನ್ನುವುದಕ್ಕಿಂತ ‘ಮಾಡಿ’ ಎನ್ನುವುದು ಮೇಲು. ‘ಮೊಬೈಲ್ ಬಳಸಬೇಡಿ’ ಬದಲು ‘ಊರು ಮುಟ್ಟಿ ಮಾತಾಡಿ’. ‘ಪಕ್ಕಕ್ಕೆ ನಿಲ್ಲಿಸಿ ಮಾತಾಡಿ’ ಅಂತ ಹೆದ್ದಾರಿಯಲ್ಲಿ ಬರೆಯಬೇಡಿ. ವೇಗದ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸುವುದೂ ಅಪಾಯವೇ.

ಹಂತ 4: ಪ್ರಾಸ ಬಂದರೆ ಬರಲಿ

‘ಅತಿವೇಗ, ತಿಥಿ ಬೇಗ’ ಎಲ್ಲರಿಗೂ ಬಾಯಿಪಾಠ. ಪ್ರಾಸದ ಬಲ ಅದು. ಆದರೆ ಪ್ರಾಸಕ್ಕಾಗಿ ಅರ್ಥ ಬಿಟ್ಟುಕೊಡಬೇಡಿ. ‘ಇಳಿಜಾರು’, ‘ಇಳಿಸಿ’ ಥರ ಮಾತಿನೊಳಗೇ ಇರುವ ಪ್ರಾಸ ಸಾಕು. ಇಂಟರ್ನೆಟ್ಟಿನಲ್ಲಿ ಸಿಗುವ ‘ನೂರು ಘೋಷವಾಕ್ಯಗಳು’ ಪಟ್ಟಿಯಿಂದ ಎತ್ತುವುದು ಸುಲಭ, ಆದರೆ ಅದರಲ್ಲಿ ನಿಮ್ಮ ರಸ್ತೆ ಇರುವುದಿಲ್ಲ.

ಹಂತ 5: ಹೆದರಿಸಬೇಡಿ

ರಕ್ತ, ಹೆಣ, ನಜ್ಜುಗುಜ್ಜಾದ ಕಾರಿನ ಚಿತ್ರ ಹಾಕಿದರೆ ಪರಿಣಾಮ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೆದ್ದಾರಿಯ ಎಲೆಕ್ಟ್ರಾನಿಕ್ ಫಲಕಗಳು ತಿಂಗಳಿಗೊಂದು ವಾರ ಆ ವರ್ಷ ರಸ್ತೆಯಲ್ಲಿ ಸತ್ತವರ ಸಂಖ್ಯೆ ತೋರಿಸುತ್ತಿದ್ದವು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಖ್ಯೆ ತೋರಿಸಿದ ದಿನಗಳಲ್ಲಿ ಫಲಕದಿಂದ ಮುಂದಿನ 10 ಕಿ.ಮೀ.ನಲ್ಲಿ ಅಪಘಾತ ಸುಮಾರು ಶೇ 4.5ರಷ್ಟು ಹೆಚ್ಚಾಗಿತ್ತು. ಸಾವಿನ ಲೆಕ್ಕ ಓದಿದವರ ಗಮನ ರಸ್ತೆಯಿಂದ ಕದಲುತ್ತದೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ. ಹೆದರಿಕೆಯ ಮಾತೇನಿದ್ದರೂ ಚಾಲಕ ಕುಳಿತು ಕೇಳುವ ಜಾಗಕ್ಕೆ ಇರಲಿ, ಡ್ರೈವಿಂಗ್ ಸ್ಕೂಲ್ ತರಗತಿಗೆ ಇರಲಿ.

ಹಂತ 6: ಪರೀಕ್ಷೆ ಮಾಡಿ

ವಾಕ್ಯವನ್ನು ಒಂದೂಕಾಲು ಸೆಂ.ಮೀ. ಎತ್ತರದ ಅಕ್ಷರದಲ್ಲಿ ಪ್ರಿಂಟ್ ತೆಗೆಯಿರಿ. ಐದು ಮೀಟರ್ ದೂರದಲ್ಲಿ ಹಿಡಿದರೆ, 20 ಸೆಂ.ಮೀ. ಅಕ್ಷರ 80 ಮೀಟರಿನಿಂದ ಕಂಡಷ್ಟೇ ಕಾಣುತ್ತದೆ. ಎರಡು ಸೆಕೆಂಡ್ ತೋರಿಸಿ ಮಡಚಿ. ‘ಏನು ಓದಿದಿರಿ’ ಅಂತ ಕೇಳಬೇಡಿ, ‘ಏನು ಮಾಡಬೇಕಂತೆ’ ಅಂತ ಕೇಳಿ. ಮೇಷ್ಟ್ರನ್ನಲ್ಲ, ಲಾರಿ ಅಥವಾ ಆಟೊ ಓಡಿಸುವವರನ್ನು ಕೇಳಿ. ಅವರು ತಡವರಿಸಿದರೆ ವಾಕ್ಯ ಬದಲಾಯಿಸಿ, ಅವರಿಗೆ ವಿವರಿಸಲು ಹೋಗಬೇಡಿ.

ಹಂತ 7: ಬೋರ್ಡ್

ಫ್ಲೆಕ್ಸ್ ಬೇಡ. ಬಿಸಿಲಿಗೆ ಬಣ್ಣ ಬಿಡುತ್ತದೆ, ಗಾಳಿಗೆ ಹರಿದು ಬೈಕಿನವರ ಮುಖಕ್ಕೇ ಬರುತ್ತದೆ. ತಗಡಿನ ಮೇಲೆ ಬೆಳಕು ಬಿದ್ದಾಗ ಹೊಳೆಯುವ ರಿಫ್ಲೆಕ್ಟಿವ್ ಹಾಳೆ ಅಂಟಿಸಿದ ಬೋರ್ಡಿಗೆ ಖರ್ಚು ಜಾಸ್ತಿ, ಆದರೂ ಅದೇ ಸರಿ. ಪ್ರಾಯೋಜಕರ ಫೋಟೊ, ಸಂಘದ ಪದಾಧಿಕಾರಿಗಳ ಹೆಸರು ಬೋರ್ಡಿನ ಹಿಂಬದಿಗೆ ಹೋಗಲಿ. ನಿಲ್ಲಿಸುವ ಮುಂಚೆ ಅನುಮತಿ ಬೇಕು. ಊರೊಳಗಿನ ರಸ್ತೆಗೆ ಪಂಚಾಯಿತಿ ಅಥವಾ ಪುರಸಭೆ, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆಯನ್ನು ಕೇಳಿ. ಟ್ರಾಫಿಕ್ ಪೊಲೀಸರನ್ನೂ ಜಾಗಕ್ಕೆ ಕರೆದು ತೋರಿಸಿ. ತಿರುವಿನ ಒಳಬದಿಯಲ್ಲಿ ನೆಟ್ಟರೆ ಎದುರಿನ ಗಾಡಿ ಕಾಣದಂತೆ ಬೋರ್ಡೇ ಅಡ್ಡ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ, ಅಡ್ಡ ಬೆಳೆದ ಕೊಂಬೆ ಕಡಿಸಿ, ಕೆಸರು ಒರೆಸಿ ಬನ್ನಿ.