ಡೈನೋಸಾರ್ ಕಥೆ ಬರೆಯುವವರು ಮೊದಲು ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ

ನಾನು ಮದ್ದೂರಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹೋದ ವರ್ಷ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಮೊಬೈಲಿನಲ್ಲೇ ಒಂದು ಪುಟ್ಟ ಸೀರಿಯಲ್ ಮಾಡಲು ಹೊರಟರು. ಟೈಮ್ ಮಷಿನ್ ಹತ್ತಿ ಡೈನೋಸಾರ್ ಕಾಲಕ್ಕೆ ಹೋಗುವ ಕಥೆ. ಮೊದಲ ಪುಟದಲ್ಲೇ ಮಾಂಸ ತಿನ್ನುವ ಡೈನೋಸಾರ್ ಟಿ. ರೆಕ್ಸ್, ಸೊಪ್ಪು ತಿನ್ನುವ ಒಂದು ಸ್ಟೆಗೋಸಾರಸ್ಸನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಟಿವಿಯಲ್ಲಿ ನೋಡಿದ್ದನ್ನೇ ಬರೆದಿದ್ದರು. ಅದನ್ನು ಅವರ ಜೊತೆ ಕೂತು ತಿದ್ದುವಾಗ ಕಲಿತದ್ದು ಇಲ್ಲಿದೆ. ನೀವೂ ಇಂಥ ಕಥೆ ಬರೆಯುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಕಾಲವನ್ನು ಗೊತ್ತು ಮಾಡಿ. ಬೋರ್ಡಿನ ಮೇಲೆ ಜಾಗ ಸಾಲದೆ, ನಾವು ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಇಂದಿನಿಂದ ಹಿಂದಕ್ಕೆ, ಒಂದು ಕೋಟಿ ವರ್ಷಕ್ಕೆ ಒಂದು ಅಡಿ. ಟಿ. ರೆಕ್ಸ್ ಏಳು ಅಡಿಯ ಒಳಗೇ ಬಂತು. ಸ್ಟೆಗೋಸಾರಸ್ ಸುಮಾರು 15 ಅಡಿ ಆಚೆ! ಕಾಲದ ಲೆಕ್ಕದಲ್ಲಿ ಟಿ. ರೆಕ್ಸ್‌ಗೆ ಸ್ಟೆಗೋಸಾರಸ್‌ಗಿಂತ ನಾವೇ ಹತ್ತಿರದವರು. ಗೆರೆಯ ಮೇಲೆ ನಡೆದು ನೋಡಿದ ಮೇಲೆ ಆ ದೃಶ್ಯವನ್ನು ಮಕ್ಕಳೇ ಹೊಡೆದು ಹಾಕಿದರು.

ಆಮೇಲೆ ಜಾಗ. "ಮೇಡಂ, ಆಗ ಮದ್ದೂರು ಎಲ್ಲಿತ್ತು?" ಅಂತ ಒಬ್ಬಳು ಕೇಳಿದಳು. ಇಡೀ ಕಥೆಗೆ ಬೇಕಾದ ಪ್ರಶ್ನೆ ಅದೇ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತದೆ. ನಿಂತಲ್ಲೇ ನಿಂತು ಬರೀ ಒಂದು ಗಂಟೆ ಹಿಂದಕ್ಕೆ ಹೋದರೂ ಭೂಮಿ ಲಕ್ಷ ಕಿ.ಮೀ. ದೂರದಲ್ಲಿರುತ್ತದೆ, ನೀವು ಬಾಹ್ಯಾಕಾಶದಲ್ಲಿ. ಅದಕ್ಕೆ ಮಷಿನ್ ಬಿಟ್ಟು ಒಂದು ಬಾಗಿಲು ಇಡಿ. ಆ ಬಾಗಿಲನ್ನು ಬಂಡೆಗೆ ಕಟ್ಟಿ ಹಾಕಿ. ನಮ್ಮ ಮಂಡ್ಯ ಸೀಮೆಯ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಡೈನೋಸಾರ್ ಓಡಾಡುವಾಗಲೂ ಇದೇ ಕಲ್ಲು ಇದೇ ನೆಲದಡಿ ಇತ್ತು. ನೆಲ ಆಮೇಲೆ ಸವೆದಿದೆ, ಹಾಗಾಗಿ ಬಾಗಿಲು ಆ ಕಡೆ ಎತ್ತರದಲ್ಲಿ ತೆರೆಯಬೇಕು. ಇಲ್ಲದಿದ್ದರೆ ಮಕ್ಕಳು ಕಲ್ಲಿನೊಳಗೆ ಕಾಲಿಟ್ಟಂತೆ.

ನಮ್ಮ ಕಥೆ ನಡೆಯುವ 6.6 ಕೋಟಿ ವರ್ಷದ ಹಿಂದೆ ಈ ಬಂಡೆಯೇ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು. ಭಾರತ ನಾಲ್ಕೂ ಕಡೆ ನೀರಿರುವ ಒಂದು ನಡುಗಡ್ಡೆ. ಉತ್ತರಕ್ಕೆ ದಖನ್ನಿನ ಲಾವಾ ಹರಿಯುತ್ತಿತ್ತು. ಟಿ. ರೆಕ್ಸ್ ಇದ್ದದ್ದು ಉತ್ತರ ಅಮೆರಿಕದಲ್ಲಿ, ಇಲ್ಲಿಗೆ ಬರಲು ಅದಕ್ಕೆ ದಾರಿಯೇ ಇಲ್ಲ. ನಮಗೆ ನಮ್ಮದೇ ಮಾಂಸಾಹಾರಿ ಡೈನೋಸಾರ್ ರಾಜಾಸಾರಸ್ ಇದೆ. ಗುಜರಾತಿನಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ಆ ಹೆಸರಿಟ್ಟರು. ತಲೆಯ ಮೇಲೆ ಗಿಡ್ಡ ಕೊಂಬು. ನನಗಂತೂ ಇದೇ ಜಾಸ್ತಿ ಇಷ್ಟ.

ಶೂಟಿಂಗಿನಲ್ಲಿ ದೊಡ್ಡ ತೊಂದರೆ ಹುಲ್ಲು. ಸ್ಟೆಗೋಸಾರಸ್ ಕಾಲದಲ್ಲಿ ಹುಲ್ಲೇ ಇರಲಿಲ್ಲ, ಆ ಕಾಲದ ಕಥೆಯಾದರೆ ಫ್ರೇಮಿನಲ್ಲಿ ಒಂದು ಎಸಳು ಹುಲ್ಲೂ ಕಾಣಬಾರದು. ಜರೀಗಿಡ, ತಾಳೆಯಂತೆ ಕಾಣುವ ಸೈಕಾಸ್ ಇರುವ ಕಡೆ ಕ್ಯಾಮೆರಾ ಇಡಿ. ನಮ್ಮ ಕಥೆಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಡೈನೋಸಾರ್ ಲದ್ದಿಯಲ್ಲಿ ಹುಲ್ಲಿನ ಕಣಗಳಿದ್ದವು ಅಂತ 2005ರಲ್ಲಿ ಗೊತ್ತಾಯಿತು. ಅಲ್ಲಲ್ಲಿ ಹುಲ್ಲು ಸರಿ, ಭತ್ತದ ಗದ್ದೆ ಬೇಡ.

ಊಟದ ಬುತ್ತಿ ಮನೆಯಿಂದಲೇ ಕಟ್ಟಿಸಿ. ಅಲ್ಲಿ ರಾಗಿ ಇಲ್ಲ, ಹಸು ಇಲ್ಲ, ಮಾವು ಇಲ್ಲ. ಮೀನು, ಮೊಟ್ಟೆ ಸಿಗುತ್ತವೆ. ಡೈನೋಸಾರನ್ನೇ ಈ ಕಡೆ ಕರೆತರುವ ಕಥೆಯಾದರೆ ಮೇವಿನ ಲೆಕ್ಕ ಹಾಕಿ. ದಸರಾ ಆನೆ ಐದು ಟನ್ ತೂಗುತ್ತದೆ, ದಿನಕ್ಕೆ 150 ಕೆ.ಜಿ. ಮೇವು ಸಾಮಾನ್ಯ. ಉದ್ದ ಕತ್ತಿನ ದೊಡ್ಡ ಡೈನೋಸಾರ್ ಅದರ ಹತ್ತು ಪಟ್ಟು ಇರಬಹುದು. ಗದ್ದೆ ಕಬ್ಬು ಎಷ್ಟು ದಿನ ಬಂದೀತು?

ಹಳೆಯದನ್ನು ಮುಟ್ಟಿದರೆ ಇಂದು ಬದಲಾಗುತ್ತದಾ ಅನ್ನುವುದಕ್ಕೆ ಒಂದು ನಿಯಮ ಇಟ್ಟುಕೊಂಡು ಕೊನೆವರೆಗೂ ಅದನ್ನೇ ಪಾಲಿಸಿ, ಸಾಕು.

ಇನ್ನು ಪ್ರಾಣಿ ನಡೆಯುವ ರೀತಿ. ಇದಕ್ಕೇ ನಾವು ಕೊಕ್ಕರೆಗಳು ಗೂಡು ಕಟ್ಟುವ ಊರಾದ ಕೊಕ್ಕರೆ ಬೆಳ್ಳೂರಿಗೆ ಹೋದದ್ದು. ಹಕ್ಕಿಗಳು ಡೈನೋಸಾರ್ ವಂಶದವೇ, ಇದು ಬರೀ ಹೋಲಿಕೆಯ ಮಾತಲ್ಲ. ಊರ ನಡುವಿನ ಹುಣಸೆಮರದ ಕೆಳಗೆ ಹಿಕ್ಕೆ ಬಿದ್ದು ನೆಲವೆಲ್ಲ ಬೆಳ್ಳಗಾಗಿತ್ತು, ಮೀನಿನ ವಾಸನೆ. ಒಂದು ಬಣ್ಣದ ಕೊಕ್ಕರೆ ಕೊಂಬೆಯ ಮೇಲೆ ಕಾಲು ಎತ್ತಿತು. ಎತ್ತಿದ ಕೂಡಲೇ ಬೆರಳುಗಳು ಮಡಚಿಕೊಂಡವು. ಇಡುವಾಗ ಒಂದೊಂದಾಗಿ ಬಿಚ್ಚಿಕೊಂಡವು. ಕಾಲಿನ ಮೇಲೆ ಹಲ್ಲಿಯ ಹಾಗೆ ಚಿಪ್ಪು. ಹಿಂದಕ್ಕೆ ಮಡಚುವುದು ಮಂಡಿಯಲ್ಲ, ಹಿಮ್ಮಡಿಯ ಗಂಟು; ಮಂಡಿ ಮೇಲೆ ಗರಿಯೊಳಗಿದೆ. ನಮ್ಮ ಹುಡುಗ ಅದನ್ನು ನೋಡಿ, ತುದಿಗಾಲಲ್ಲಿ ನಡೆದು ರಾಜಾಸಾರಸ್ ಪಾತ್ರ ಕಲಿತ.

ಕೂಗಿಗೆ ಸಿಂಹದ ಗರ್ಜನೆ ಹಾಕಬೇಡಿ. ಅವು ಹಾಗೆ ಗರ್ಜಿಸುತ್ತಿದ್ದವು ಅನ್ನಲು ಆಧಾರವಿಲ್ಲ. ಬಾಯಿ ಮುಚ್ಚಿ, ಗಂಟಲು ಉಬ್ಬಿಸಿ ಗುಂಯ್ ಅಂದಿರಬಹುದು ಅಂತ ಕೆಲವು ವಿಜ್ಞಾನಿಗಳ ಯೋಚನೆ. ನಾವು ಸ್ಕೂಲ್ ಮಾಡಿನ ಪಾರಿವಾಳದ ಗುಟುರು ರೆಕಾರ್ಡ್ ಮಾಡಿ, ವೇಗ ತೀರಾ ಕಡಿಮೆ ಮಾಡಿದೆವು. ಕತ್ತಲೆ ಕೋಣೆಯಲ್ಲಿ ಕೇಳಿದಾಗ ಹಿಂದಿನ ಬೆಂಚಿನವರೂ ಸುಮ್ನಾದರು. ಗ್ರಾಫಿಕ್ಸ್‌ಗೆ ದುಡ್ಡಿರಲಿಲ್ಲ. ಕೆಸರಿನಲ್ಲಿ ಮೂರು ಬೆರಳಿನ ಹೆಜ್ಜೆ, ಆ ಸದ್ದು, ಅಲುಗುವ ಜರೀಗಿಡ, ಅಷ್ಟೇ ತೋರಿಸಿದೆವು.

ಬೆಳ್ಳೂರಿಗೆ ಹೋಗುವುದಾದರೆ ಫೆಬ್ರವರಿ, ಮಾರ್ಚಿನಲ್ಲಿ ಬೆಳಿಗ್ಗೆ ಬೇಗ ಹೋಗಿ. ಗೂಡಿನಲ್ಲಿ ಮರಿಗಳಿರುತ್ತವೆ. ಮರದ ಕೆಳಗೆ ಕೂಗಾಡಬೇಡಿ, ತಲೆಗೊಂದು ಟವೆಲ್ ಇರಲಿ.