ಗಿಡ ನೆಡುವ ಮೊದಲು ತೊಟ್ಟೆಯ ತಳ ನೋಡಿ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ, ತೊಟ್ಟೆಯಲ್ಲಿ ಅಂದರೆ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದ ಕಸಿ ಗಿಡ ತಂದು ಹಿತ್ತಲಲ್ಲಿ ಊರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನೀರು ಹಾಕುವ ಕೆಲಸ ಉಳಿಯಿತು ಅಂತಾರೆ. ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಅದು ಗೊತ್ತಾಗುವುದು ಎಲೆ ಜೋತು ಬಿದ್ದ ಮೇಲೆ. ಬೆಣ್ಣೆಹಣ್ಣಿಗೆ ಬುಡದಲ್ಲಿ ನೀರು ನಿಲ್ಲಲೇಬಾರದು, ಕಿತ್ತಳೆಗೂ ಅಷ್ಟೇ.

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬ ಕಳೆಯಲಿ, ಮಳೆ ಇಳಿಯಲಿ. ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಆ ಹದ ಬಂದಾಗ ಶುರು ಮಾಡಿ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಮುಗಿಸಿ. ಆಮೇಲೆ ಹಿಂಗಾರಿನ ನಾಲ್ಕು ಮಳೆ ಸಿಕ್ಕಿದರೆ ಬೇರು ಹಿಡಿಯುತ್ತದೆ. ತಡ ಮಾಡಿದಿರೋ, ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಬರುವವರೆಗೆ ಕೊಡ ಹೊರುವುದೇ ಕೆಲಸ.

ಗುಂಡಿ ಹೇಗೆ ತೋಡುವುದು ಅಂತ ಹೇಳಬೇಕಾ? ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಇನ್ನೊಂದು ಕಡೆ, ಅಷ್ಟೇ.

ತೊಟ್ಟೆಯ ವಿಷಯ ಮಾತ್ರ ಗಮನವಿಟ್ಟು ಓದಿ. ಈಗಿನವರು ಅದನ್ನು ಪರಪರ ಹರಿದು ಎಳೆಯುತ್ತಾರೆ, ಮಣ್ಣಿನ ಮುದ್ದೆ ಒಡೆದು ಎಳೆ ಬೇರೆಲ್ಲ ಕಿತ್ತು ಬರುತ್ತದೆ. ಹಾಗಲ್ಲ. ಹಿಂದಿನ ರಾತ್ರಿಯೇ ಸ್ವಲ್ಪ ನೀರು ಕೊಟ್ಟಿಡಿ. ಬೆಳಿಗ್ಗೆ ಗಿಡ ಮಲಗಿಸಿ, ಚೂಪು ಕತ್ತಿಯಲ್ಲಿ ತೊಟ್ಟೆಯ ತಳವನ್ನು ಒಂದು ಬೆರಳು ದಪ್ಪ ಮಣ್ಣಿನ ಸಮೇತ ಕತ್ತರಿಸಿ. ಅಲ್ಲಿ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿರುತ್ತದೆ, ಅದು ಹೋಗಲೇಬೇಕು. ನಮ್ಮತ್ತೆ ಒಮ್ಮೆ ಸೊರಗಿದ ಕಿತ್ತಳೆ ಮರ ಕೀಳಿಸಿ ಬುಡ ತೋರಿಸಿದ್ದರು. ಅಷ್ಟು ವರ್ಷವಾದರೂ ಬೇರು ಸುತ್ತಿದಲ್ಲೇ ಸುತ್ತಿ ತನ್ನನ್ನೇ ಬಿಗಿದುಕೊಂಡಿತ್ತು. ತಳ ಕತ್ತರಿಸಿದ ಮೇಲೆ ಪಕ್ಕದ ತೊಟ್ಟೆ ತೆಗೆಯಬೇಡಿ, ಹಾಗೇ ಗುಂಡಿಗಿಳಿಸಿ. ಅರ್ಧ ಮಣ್ಣು ತುಂಬಿ ಕೈಯಲ್ಲಿ ಒತ್ತಿ. ಆಮೇಲೆ ಪಕ್ಕ ಸೀಳಿ, ತೊಟ್ಟೆಯನ್ನು ಮೆಲ್ಲ ಮೇಲಕ್ಕೆಳೆಯಿರಿ. ಮುದ್ದೆ ಅಲುಗುವುದೇ ಇಲ್ಲ. ಅವಸರ ಇದ್ದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಕಸಿ ಕಟ್ಟಿದ ಗಂಟು ಮಣ್ಣಿನಿಂದ ಗೇಣುದ್ದ ಮೇಲಿರಲಿ, ಅದರ ಕೆಳಗೆ ಬಂದ ಚಿಗುರನ್ನು ಚಿವುಟಿ ಹಾಕಿ. ಬುಡದ ಮಣ್ಣು ದಿಬ್ಬವಾಗಿರಲಿ, ಬರುವ ವರ್ಷದ ಮಳೆಗಾಲ ನೆನಪಿರಲಿ. ಕೋಲು ಊರಿ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ಯುತ್ತದೆ. ತರಗೆಲೆ ದಪ್ಪಕ್ಕೆ ಹರಡಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಹಸಿ ಸಗಣಿ ಗುಂಡಿಗೆ ಬೇಡವೇ ಬೇಡ, ಎಳೆ ಬೇರು ಸುಡುತ್ತದೆ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಇಲ್ಲದಿದ್ದರೆ ಸುಮ್ನೆ ಮೇಲ್ಮಣ್ಣನ್ನೇ ತುಂಬಿ.