ಮೊದಲು ಮಾತು, ಆಮೇಲೆ ಕೈ

ಹಾಸನದಲ್ಲಿ ಎಂಬಿಬಿಎಸ್ ಮಕ್ಕಳಿಗೆ ಪ್ರಸೂತಿ ಮತ್ತು ಸ್ತ್ರೀರೋಗ ಕಲಿಸುತ್ತೇನೆ. ಪೋಸ್ಟಿಂಗ್‌ಗೆ ಹೊಸ ಬ್ಯಾಚ್ ಬಂದಾಗ ಮೊದಲ ಕೆಲವು ದಿನ ಗರ್ಭಿಣಿಯರ ಹೊಟ್ಟೆ ಮುಟ್ಟಲು ಬಿಡುವುದಿಲ್ಲ. ಬರೀ ಮಾತಾಡಿಸಬೇಕು. ಮಕ್ಕಳಿಗೆ ಇದು ಬೇಜಾರು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ತಿಳಿಯುವ ಲಿಯೋಪೋಲ್ಡ್‌ನ ನಾಲ್ಕು ಹಿಡಿತಗಳನ್ನು ವಿಡಿಯೊ ನೋಡಿ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಇರಲಿ, ಕಾಯಲಿ.

ಮಾತಲ್ಲಿ ಮೊದಲ ಕಷ್ಟ ಕೊನೆಯ ಮುಟ್ಟಿನ ತಾರೀಕು. ತಾಯಿ ಕಾರ್ಡ್‌ನಲ್ಲಿ ಬರೆದಿರುತ್ತದೆ ನಿಜ, ಆದರೆ ಅದನ್ನು ನೋಡಿ ನಕಲು ಮಾಡುವಂತಿಲ್ಲ. ‘ಎಲ್‌ಎಂಪಿ ಯಾವಾಗ?’ ಎಂದರೆ ಅರಕಲಗೂಡು ಕಡೆಯ ಸೊಸೆ ಸುಮ್ನೆ ಅತ್ತೆ ಮುಖ ನೋಡುತ್ತಾಳೆ. ‘ಅಕ್ಕಾ, ಹಬ್ಬಕ್ಕೆ ಮುಂಚೆ ಆಗಿದ್ರಾ, ಆಮೇಲಾ?’ ಎಂದರೆ ಬಾಯಿ ಬಿಡುತ್ತಾಳೆ. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಮಾತ್ರ ತೆಗೆಯುತ್ತಾರಲ್ಲ, ನಮ್ಮೂರಲ್ಲಿ ಅದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ. ‘ಬಾಗಿಲು ತೆಗೆದ ದಿನಾನೇ ಆಗ್ಬಿಟ್ಟೆ, ದರ್ಶನಕ್ಕೆ ಹೋಗ್ಲಿಲ್ಲ’ ಎಂದರೆ ಸಾಕು. 2024ರಲ್ಲಿ ಬಾಗಿಲು ತೆಗೆದದ್ದು ಅಕ್ಟೋಬರ್ 24. ಅದಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ತಾರೀಕು 2025ರ ಜುಲೈ 31. ಮುಟ್ಟು ಸರಿಯಾಗಿ ತಿಂಗಳು ತಿಂಗಳು ಆಗುತ್ತಿತ್ತಾ ಅಂತಲೂ ಕೇಳಬೇಕು, ಇಲ್ಲದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಸಕಲೇಶಪುರದ ತೋಟಗಳಲ್ಲಿ ಕಾಫಿ ಕೊಯ್ಯಲು ಬಂದ ಅಸ್ಸಾಮಿನ ಹೆಂಗಸರು ಸಿಕ್ಕಾಗ ಮಾತ್ರ ನಮ್ಮ ಹಿಂದಿ ಹುಡುಗರಿಗೆ ಎಲ್ಲಿಲ್ಲದ ಬೆಲೆ. ಉಳಿದ ದಿನ ಅವರು ಕನ್ನಡಕ್ಕೆ ಒದ್ದಾಡುತ್ತಾರೆ.

ಆಮೇಲೆ ಕೈ. ಮೂತ್ರ ಮಾಡಿ ಬರಲು ಹೇಳಿ, ಪರದೆ ಎಳೆದು, ನೋಡಬೇಕಾದಷ್ಟೇ ಸೀರೆ ಸರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಡಿಸೆಂಬರ್ ಚಳಿಯಲ್ಲಿ ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯಾಗುತ್ತದೆ, ಮಗುವಿನ ತಲೆ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಟೇಪನ್ನು ಅಂಕಿ ಕಾಣದ ಹಾಗೆ ಮಗುಚಿ ಹಿಡಿಯಲು ಹೇಳುತ್ತೇನೆ. 24 ವಾರ ದಾಟಿದ ಮೇಲೆ ಗರ್ಭಕೋಶದ ಎತ್ತರ ಸೆಂಟಿಮೀಟರ್‌ನಲ್ಲಿ ಹೆಚ್ಚುಕಮ್ಮಿ ವಾರಗಳಷ್ಟೇ ಇರುತ್ತದೆ ಎಂದು ಮಕ್ಕಳಿಗೆ ಗೊತ್ತು. ಅಂಕಿ ಕಾಣುತ್ತಿದ್ದರೆ 32 ವಾರದವಳಿಗೆ 32 ಬರುವ ತನಕ ಟೇಪನ್ನು ಎಳೆದಾಡುತ್ತಾರೆ! ಮಗು ಬೆಳೆಯುತ್ತಿಲ್ಲ ಎಂಬ ಸುಳಿವು ತಪ್ಪಿಹೋಗುವುದು ಹೀಗೆಯೇ. ಅಂಗಾತ ಮಲಗಿದವರಿಗೆ ತಲೆ ಸುತ್ತಿದರೆ ಎಡಕ್ಕೆ ಹೊರಳಿಸಿ, ಅಲ್ಲಿಗೆ ಪರೀಕ್ಷೆ ಮುಗಿಯಿತು.

ಒಳಪರೀಕ್ಷೆ, ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸ್ಪೆಕ್ಯುಲಮ್ ಹಾಕುವುದು ಎಲ್ಲ ಮೊದಲು ಗೊಂಬೆಯ ಮೇಲೆ. ಅಮೆರಿಕ, ಇಂಗ್ಲೆಂಡ್ ಕಡೆ ತರಬೇತಾದ ಮಹಿಳೆಯರು ತಮ್ಮ ಮೈಮೇಲೆಯೇ ಇದನ್ನು ಕಲಿಸುತ್ತಾರೆ, ಎಲ್ಲಿ ನೋಯುತ್ತದೆ ಅಂತ ಅವರೇ ಹೇಳುತ್ತಾರೆ. ನಮ್ಮ ಗೊಂಬೆಗೆ ಬಾಯಿಲ್ಲ. ಅದಕ್ಕೆ ಒಬ್ಬ ವಿದ್ಯಾರ್ಥಿ ಗೊಂಬೆಯ ತಲೆಯ ಹತ್ತಿರ ಕೂತು ಅದರ ಪರವಾಗಿ ಮಾತಾಡಬೇಕು. ‘ಏನ್ ಮಾಡ್ತಿದ್ದೀರ? ತಣ್ಣಗಿದೆ. ಸಾಕು, ತೆಗೀರಿ.’ ಮೊದಲು ನಗುತ್ತಾರೆ. ‘ತೆಗೀರಿ’ ಎಂದಾಗ ಕೈ ನಿಲ್ಲಿಸದವನನ್ನು ನಾನು ಒಪಿಡಿಗೆ ಬಿಡುವುದಿಲ್ಲ.

ಒಪಿಡಿಯಲ್ಲಿ ಹುಡುಗರ ಜೊತೆ ಸಿಸ್ಟರ್ ಇರಲೇಬೇಕು. ಪರೀಕ್ಷೆಗೆ ಬಂದ ಮಹಿಳೆ ಬೇಡ ಎಂದರೆ ಬೇಡ, ಕಾರಣ ಕೇಳುವಂತಿಲ್ಲ. ಹೆರಿಗೆ ನೋವಿನಲ್ಲಿರುವವರಿಗೆ ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ಬ್ಯಾಚ್‌ನವರೆಲ್ಲ ಸಾಲಾಗಿ ಕೈ ಹಾಕಿದರೆ ಅವಳಿಗೆ ನೋವು ಜಾಸ್ತಿ, ಸೋಂಕಿನ ಭಯ ಬೇರೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಕೌಶಲ ಕಲಿತದ್ದಕ್ಕೆ ಲಾಗ್ ಬುಕ್‌ನಲ್ಲಿ ಸಹಿ ಬೇಕು. ಒಳ್ಳೆಯದೇ. ಆದರೆ ಪೋಸ್ಟಿಂಗ್ ಮುಗಿಯುವ ವಾರ ಸಹಿಗೆ ಕ್ಯೂ ನಿಲ್ಲುತ್ತಾರಲ್ಲ, ಅದು ನನಗೆ ಆಗಿಬರುವುದಿಲ್ಲ.

ನಾನು ಸಹಿ ಹಾಕುವ ಮುಂಚೆ ವಿದ್ಯಾರ್ಥಿಯನ್ನು ಆಚೆ ಕಳಿಸಿ ಆ ತಾಯಿಯನ್ನೇ ಕೇಳುತ್ತೇನೆ: ‘ಏನಮ್ಮ, ಏನಂದ್ರು ನಿಮಗೆ?’ ಹೆರಿಗೆ ಯಾವಾಗ, ಮಗುವಿನ ತಲೆ ಎಲ್ಲಿದೆ, ಯಾವ ತೊಂದರೆ ಆದರೆ ತಕ್ಷಣ ಬರಬೇಕು ಎಂದು ಅವರು ಹೇಳಿದರೆ ಸಹಿ. ‘ಏನೋ ಇಂಗ್ಲಿಷಲ್ಲಿ ಬರ್ಕೊಂಡ್ರು’ ಎಂದರೆ ಮಾರನೇ ದಿನ ಇನ್ನೊಬ್ಬರ ಹತ್ತಿರ, ಮತ್ತೆ ಮೊದಲಿಂದ.